ಹೊಸ್ತಿಲು ದಾಟಿದ ಮೇಲೆ: ಹಿಮವೂ ಬೇಕು, ಕನ್ಯಾಕುಮಾರಿಯೂ ಬೇಕು

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಚಳಿಗಾಲದ ರಜೆಯವೇ. ನವೆಂಬರ್ ಮುಗಿಯುತ್ತಾ ಬಂತು. ಸಾಗರದ ನಮ್ಮ ಮನೆಯ ಬಚ್ಚಲು ಒಲೆಯ ಪಕ್ಕ ಮಣೆ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಏಳು ಗಂಟೆಯಾದರೂ ಎದುರಿನ ತೋಟ ಕಾಣುತ್ತಿಲ್ಲ. ಮಾಡಿನಿಂದ ಇಬ್ಬನಿ ಮಳೆ ಹನಿಯ ಹಾಗೆ ತೊಟ್ಟಿಕ್ಕುತ್ತಿದೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದೆ. ಶಿಮ್ಲಾ ಎಲ್ಲಿದೆ ಅಂತ ಗೋಡೆಯ ನಕಾಶೆಯಲ್ಲಿ ಕೋಲಿನಿಂದ ತೋರಿಸಿದ್ದೇ ಬಂತು. ಕಣ್ಣಾರೆ ನೋಡಿದ್ದು ನಿವೃತ್ತಿಯಾದ ಮೇಲೆ, ಹೋದ ಡಿಸೆಂಬರಿನಲ್ಲಿ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಪುಸ್ತಕದ್ದು ಸ್ವಲ್ಪ, ಪೆಟ್ಟು ತಿಂದು ಕಲಿತದ್ದು ಜಾಸ್ತಿ.

ಅಕ್ಕಾ, ಮಕ್ಕಳಿಗೆ ಕ್ರಿಸ್‌ಮಸ್ ರಜೆ ಹತ್ತು ದಿನ ಇದೆ. ಅವರಿಗೂ ಅವರಪ್ಪನಿಗೂ ಹಿಮ ನೋಡಬೇಕಂತೆ. ಅತ್ತೆಗೆ ಅರವತ್ತೆಂಟು ವರ್ಷ, ಅವರಿಗೆ ಕನ್ಯಾಕುಮಾರಿಯ ಆಸೆ. ಎರಡೂ ಒಂದೇ ಸಲ ಮುಗಿಸಬಹುದಾ? ಯಾವುದು ಮೊದಲು? ಏನೇನು ಒಯ್ಯಬೇಕು?
– ಓದುಗಿ, ಶಿವಮೊಗ್ಗ

ಹತ್ತು ದಿನಕ್ಕೆ ಆಗುವುದಿಲ್ಲಮ್ಮ. ನಮಗೆ ಹದಿನಾರು ದಿನ ಹಿಡಿಯಿತು, ಅದೂ ನಡುವೆ ಒಂದು ವಿಮಾನ ಹತ್ತಿ. ನಾನು, ನಮ್ಮನೆಯವರು, ಸೊಸೆ ಮತ್ತು ಎಂಟು ವರ್ಷದ ಮೊಮ್ಮಗ. ಮಗನಿಗೆ ರಜೆ ಸಿಗಲಿಲ್ಲ.

ಸಾಗರದಿಂದ ರಾತ್ರಿ ರೈಲಿಗೆ ಬೆಂಗಳೂರು, ಅಲ್ಲಿಂದ ದಿಲ್ಲಿಗೆ ಎರಡು ರಾತ್ರಿ. ಆಗ್ರಾ ಹತ್ತಿರ ಬರುವಷ್ಟರಲ್ಲಿ ಮಂಜು ಎಷ್ಟು ಕವಿದಿತ್ತೆಂದರೆ ಪಕ್ಕದ ಹಳಿ ಕಾಣಲಿಲ್ಲ. ನಮ್ಮೂರ ಮಂಜು ಒಂಬತ್ತು-ಹತ್ತು ಗಂಟೆಗೆ ಬಿಸಿಲು ಬಿದ್ದರೆ ಹೋಯಿತು. ಅಲ್ಲಿಯದು ಮಧ್ಯಾಹ್ನವಾದರೂ ಜಪ್ಪಯ್ಯ ಅನ್ನಲಿಲ್ಲ. ಆರು ಗಂಟೆ ತಡವಾಗಿ ದಿಲ್ಲಿ ಮುಟ್ಟಿದೆವು. ಮುಂದಿನ ಕಾಲ್ಕಾ ರೈಲು ತಪ್ಪಿತು. ಆ ರಾತ್ರಿಯ ಲಾಡ್ಜಿನ ಖರ್ಚು ಲೆಕ್ಕದಲ್ಲೇ ಇರಲಿಲ್ಲ. ಡಿಸೆಂಬರ್-ಜನವರಿಯಲ್ಲಿ ಉತ್ತರಕ್ಕೆ ಹೋಗುವವರು ದಿಲ್ಲಿಯಲ್ಲಿ ಒಂದು ದಿನ ಖಾಲಿ ಇಟ್ಟುಕೊಂಡೇ ಟಿಕೆಟ್ ಮಾಡಿಸಬೇಕು.

ಕಾಲ್ಕಾದಿಂದ ಶಿಮ್ಲಾಕ್ಕೆ ಪುಟಾಣಿ ರೈಲು. 1903ರ ದಾರಿ, 96 ಕಿ.ಮೀ., ನೂರಕ್ಕೂ ಹೆಚ್ಚು ಸುರಂಗ. ಮೊಮ್ಮಗ ಬೆರಳು ಮಡಚಿ ಎಣಿಸಲು ಶುರು ಮಾಡಿದವನು ಅರವತ್ತಕ್ಕೆ ನಿದ್ದೆ ಹೋದ. ಬರೋಗ್ ಅನ್ನುವ ಪುಟ್ಟ ನಿಲ್ದಾಣದಲ್ಲಿ ಕುಡಿದ ಚಹಾದ ರುಚಿ ಇನ್ನೂ ನಾಲಿಗೆಯ ಮೇಲಿದೆ. ಇಷ್ಟಕ್ಕೆ ನಮ್ಮ ದುಡ್ಡು ವಸೂಲಾಯಿತು ಅಂತಲೇ ಹೇಳುತ್ತೇನೆ.

ಹಿಮದ ವಿಷಯಕ್ಕೆ ಬರೋಣ. ಶಿಮ್ಲಾ ಪೇಟೆಯಲ್ಲಿ ಹಿಡಿಯಷ್ಟೂ ಹಿಮ ಇರಲಿಲ್ಲ. ಹಿಮ ಬೀಳಲು ಚಳಿ ಒಂದೇ ಸಾಲದು, ಮೋಡವೂ ಬೇಕು. ದೂರದ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ತೇವ ಹೊತ್ತು ಬರುವ ಮೋಡ ಅದು. ಬಂದಾಗ ಬಂತು. ಜನವರಿ, ಫೆಬ್ರವರಿಯಲ್ಲಿ ಬರುವುದು ಜಾಸ್ತಿ, ಕ್ರಿಸ್‌ಮಸ್ ಹೊತ್ತಿಗೆ ಕಡಿಮೆ. ಶಿಮ್ಲಾಕ್ಕಿಂತ ಎತ್ತರದಲ್ಲಿರುವ ಕುಫ್ರಿಗೆ ಟ್ಯಾಕ್ಸಿ ಮಾಡಿಕೊಂಡು ಹೋದೆವು. ಅಲ್ಲಿ ಒಂದು ಬಂಡೆಯ ನೆರಳಿನಲ್ಲಿ ಚಾಪೆಯಷ್ಟು ಅಗಲದ ಹಳೇ ಹಿಮ ಉಳಿದಿತ್ತು. ಕುದುರೆಗಳು ತುಳಿದು ಕಂದು ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳಲು ಸಾಲು! ಮೊಮ್ಮಗ ಚೂರು ಕೆರೆದು ಕೈಯಲ್ಲಿ ಹಿಡಿದು, 'ಅಜ್ಜಿ, ಇದು ನಮ್ಮನೆ ಫ್ರಿಜ್ಜಿನಲ್ಲೂ ಇದೆ ಅಲ್ವಾ?' ಅಂದ. ನಮ್ಮನೆಯವರು ಅಲ್ಲಿಂದ ಮುಂದೆ ಶಿಮ್ಲಾದಲ್ಲಿ ಇದ್ದಷ್ಟು ದಿನವೂ ಅದನ್ನೇ ಹೇಳಿಕೊಂಡು ನಕ್ಕರು.

ಚಳಿಗೆ ಮಾತ್ರ ಬರ ಇರಲಿಲ್ಲ. ಹಗಲು ಬಿಸಿಲಿನಲ್ಲಿ ಓಡಾಡುವಾಗ ಸ್ವೆಟರ್ ತೆಗೆದು ಸೊಂಟಕ್ಕೆ ಕಟ್ಟಿಕೊಂಡಿದ್ದೆವು. ಸಂಜೆ ಐದೂವರೆಗೆಲ್ಲ ಕತ್ತಲು. ಆಮೇಲೆ ಶುರುವಾಯಿತು ನೋಡಿ. ನಮಗೆ ಕೊಟ್ಟ ರೂಮು ಉತ್ತರ ದಿಕ್ಕಿನದು, ಹಗಲಿಡೀ ಬಿಸಿಲು ಕಾಣದ್ದು. ಹೀಟರಿಗೆ ಬೇರೆ ದುಡ್ಡು ಅಂದರು. ಗೀಸರ್ ಒಂದು ಬಕೆಟ್ಟಿಗೆ ಕೈಕೊಟ್ಟಿತು. ಹೋಟೆಲಿನ ಹೆಸರು ಬೇಡ ಬಿಡಿ, ತಪ್ಪು ನನ್ನದೂ ಇದೆ, ಕೇಳಿರಲಿಲ್ಲ. ಬೆಳಗಿನ ಜಾವ ಮೂರಕ್ಕೆ ಬಚ್ಚಲಿಗೆ ಹೋಗಲು ಬರಿಗಾಲು ನೆಲಕ್ಕೆ ಇಟ್ಟೆ. ಚೇಳು ಕಡಿದ ಹಾಗಾಯಿತು. ಹೋಟೆಲಿನ ಎರಡು ರಜಾಯಿ ಸಾಲದೆ ಕೊನೆಗೆ ನಮ್ಮನ್ನು ಕಾಪಾಡಿದ್ದು ನಮ್ಮನೆಯವರು ಹಠ ಮಾಡಿ ತಂದಿದ್ದ ಕರಿ ಕಂಬಳಿ. 'ಶಿಮ್ಲಾಕ್ಕೆ ಯಾರಾದರೂ ಕಂಬಳಿ ಒಯ್ಯುತ್ತಾರಾ, ಗದ್ದೆಗೆ ಹೋಗೋ ಹಾಗೆ?' ಅಂತ ಸಾಗರದಲ್ಲಿ ನಾನೇ ಬೈದಿದ್ದೆ. ಮೊಮ್ಮಗನನ್ನು ನಡುವೆ ಮಲಗಿಸಿಕೊಂಡು ಮೂವರೂ ಅದರ ಅಡಿಗೆ ಹೋದೆವು.

ಹಾಗಾಗಿ ರೂಮು ಕಾದಿರಿಸುವಾಗ ಮೂರು ಮಾತು ಕೇಳಿ: ಬಿಸಿಲು ಬೀಳುತ್ತದಾ, ಹೀಟರು ಬಾಡಿಗೆಯಲ್ಲೇ ಸೇರಿದೆಯಾ, ನಾಲ್ಕು ಜನಕ್ಕೆ ಬಿಸಿನೀರು ಬರುತ್ತದಾ. ಹಗಲು ಎಷ್ಟು ಡಿಗ್ರಿ ಅಂತ ಮೊಬೈಲ್ ನೋಡಿ ಬಟ್ಟೆ ತುಂಬಬೇಡಿ. ರಾತ್ರಿ ಎಷ್ಟಕ್ಕೆ ಇಳಿಯುತ್ತದೆ ಅಂತ ನೋಡಿ ತುಂಬಿ. ಇನ್ನೊಂದು ವಿಷಯ, ಇದು ತಮಾಷೆಯಲ್ಲ. ಯಾರಾದರೂ ಕನಿಕರದಿಂದ ಕೆಂಡದ ಅಗ್ಗಿಷ್ಟಿಕೆ ತಂದುಕೊಟ್ಟರೆ ಬಾಗಿಲು ಮುಚ್ಚಿದ ರೂಮಿನಲ್ಲಿ ಇಟ್ಟುಕೊಂಡು ಮಲಗಬೇಡಿ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ನಮ್ಮ ಬಚ್ಚಲು ಒಲೆಗೆ ಹೊಗೆ ಹೋಗಲು ದಾರಿ ಇದೆ, ಹಂಚಿನ ಸಂದಿಯಿದೆ. ಅಲ್ಲಿ ಕಿಟಕಿಯ ಸಂದಿಗೂ ಕಾಗದ ಅಂಟಿಸಿರುತ್ತಾರೆ.

ಈಗ ಕೊಬ್ಬರಿ ಎಣ್ಣೆಯ ಕಥೆ. ಮನೆಯದೇ ಗಾಣದ ಎಣ್ಣೆ, ಅರ್ಧ ಲೀಟರಿನ ಬಾಟಲಿ. 24 ಡಿಗ್ರಿಗಿಂತ ಕೆಳಗೆ ಹೋದರೆ ಅದು ಗಟ್ಟಿಯಾಗುತ್ತದೆ ಅಂತ ನಿಮಗೂ ಗೊತ್ತು, ನಮ್ಮಲ್ಲೂ ಧನುರ್ಮಾಸದಲ್ಲಿ ಒಲೆ ದಂಡೆಯ ಮೇಲೆ ಇಡುತ್ತೇವಲ್ಲ. ಶಿಮ್ಲಾದಲ್ಲಿ ಅದು ಸುಣ್ಣದ ಕಲ್ಲಾಯಿತು. ಚಮಚದ ಹಿಡಿಯಿಂದ ಕೆತ್ತಿ ಕೆತ್ತಿ ತೆಗೆದೆ, ಬಾಟಲಿಯ ಬಾಯಿ ಸೀಳಿದ್ದು ಗಮನಕ್ಕೆ ಬರಲಿಲ್ಲ. ಗಟ್ಟಿ ಎಣ್ಣೆ ಸೋರುತ್ತದಾ? ಕನ್ಯಾಕುಮಾರಿಯಲ್ಲಿ ರೂಮಿಗೆ ಹೋಗಿ ಚೀಲ ಬಿಚ್ಚಿದರೆ ನಮ್ಮನೆಯವರ ಬಿಳಿ ಪಂಚೆ, ಚಟ್ನಿಪುಡಿಯ ಪೊಟ್ಟಣ, ನನ್ನ ಬಿಪಿ ಮಾತ್ರೆಯ ಚೀಟಿ ಎಲ್ಲ ಒಗ್ಗರಣೆ ಹಾಕಿದ ಹಾಗೆ ಮಿಂದಿದ್ದವು. ಚಳಿಯಿಂದ ಸೆಕೆಗೆ ಹೋಗುವವರು ಎಣ್ಣೆಯನ್ನು ಸ್ಟೀಲಿನ ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ. ಇದು ಯಾವ ಪ್ರವಾಸ ಪುಸ್ತಕದಲ್ಲೂ ಇರಲಿಲ್ಲ.

ಯಾವುದು ಮೊದಲು ಅಂತ ಕೇಳಿದಿರಿ. ಎರಡನ್ನೂ ಮಾಡುವುದಾದರೆ ಚಳಿ ಊರೇ ಮೊದಲು. ಹೊಸದರಲ್ಲಿ ಮೈಯಲ್ಲಿ ಕಸುವಿರುತ್ತದೆ, ಕೊನೆಯಲ್ಲಿ ಸುಸ್ತಾದವರಿಗೆ ಸೆಕೆ ಊರು ವಾಸಿ. ನಾವು ದಿಲ್ಲಿಗೆ ಇಳಿದು ಸ್ವೆಟರು, ಕಂಬಳಿ, ಮಂಕಿ ಕ್ಯಾಪು ಎಲ್ಲ ಒಂದು ಗಂಟು ಕಟ್ಟಿ ಅಂಚೆ ಪಾರ್ಸೆಲ್ ಮಾಡಿಬಿಟ್ಟೆವು. ನಮಗಿಂತ ಮೊದಲೇ ಅದು ಸಾಗರ ಸೇರಿತ್ತು. ರೈಲಿನಲ್ಲೇ ಹೋಗುವ ಹುಮ್ಮಸ್ಸಿದ್ದವರಿಗೆ ದಿಲ್ಲಿಯ ಮೇಲೆ ಹಾದು ಕನ್ಯಾಕುಮಾರಿಗೆ ಬರುವ ಹಿಮಸಾಗರ ಎಕ್ಸ್‌ಪ್ರೆಸ್ ಇದೆ, ಹೆಸರೇ ಚಂದ. ವಾರಕ್ಕೆ ಒಂದೇ ಸಲ. ನಮ್ಮನೆಯವರ ಸೊಂಟ ಒಪ್ಪಲಿಲ್ಲ, ತಿರುವನಂತಪುರಕ್ಕೆ ವಿಮಾನ ಹಿಡಿದೆವು.

ಕನ್ಯಾಕುಮಾರಿಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಮೊದಲ ದಿನ ಕಳೆಯಿತು. ಡಿಸೆಂಬರ್ ಅಂದರೆ ಅಯ್ಯಪ್ಪ ಮಾಲೆ ಹಾಕಿದವರ ಕಾಲ. ಶಬರಿಮಲೆ ಮುಗಿಸಿ ಬರುವ ಕಪ್ಪು ಪಂಚೆಯವರೇ ಊರೆಲ್ಲ. ವಿವೇಕಾನಂದ ಬಂಡೆಗೆ ದೋಣಿಯ ಸಾಲು ಅಷ್ಟುದ್ದ. ಬೆಳಿಗ್ಗೆ ಸೂರ್ಯೋದಯ ನೋಡಿದವರೇ ನೇರ ಹೋಗಿ ಸಾಲಿನಲ್ಲಿ ನಿಂತರೆ ಬೇಗ ಆಗುತ್ತದೆ. ಸಮುದ್ರ ಜೋರಿದ್ದರೆ ದೋಣಿ ನಿಲ್ಲಿಸುತ್ತಾರೆ, ಅದಕ್ಕೇ ಅಲ್ಲಿ ಎರಡು ದಿನ ಬೇಕು. ಪಕ್ಕದ ಬಂಡೆಯ ಮೇಲೆ 133 ಅಡಿಯ ತಿರುವಳ್ಳುವರ್ ಮೂರ್ತಿ. ಕುರಳ್‌ನ 133 ಅಧ್ಯಾಯಕ್ಕೆ ಒಂದೊಂದು ಅಡಿ. 2024ರ ಡಿಸೆಂಬರ್ ಕೊನೆಯಲ್ಲಿ ಎರಡು ಬಂಡೆಗಳ ನಡುವೆ ಗಾಜಿನ ಸೇತುವೆಯನ್ನೂ ತೆರೆದರು. ಕಾಲಡಿಯಲ್ಲಿ ಅಲೆ ಕಾಣುತ್ತದೆ. ನಿಮ್ಮ ಅತ್ತೆಗೆ ತಲೆ ಸುತ್ತುವ ಅಭ್ಯಾಸ ಇದ್ದರೆ ಮುಂದೆ ನೋಡಿಕೊಂಡೇ ನಡೆಯಲು ಹೇಳಿ.

ಸರಿ, ನಿಮ್ಮ ಹತ್ತು ದಿನಕ್ಕೆ ನನ್ನ ಲೆಕ್ಕ ಇದು. ಶಿಮ್ಲಾ ಬಿಡಿ, ಊಟಿಗೆ ಹೋಗಿ. ನಗಬೇಡಿ. ಎರಡೂ ಹೆಚ್ಚುಕಡಿಮೆ ಒಂದೇ ಎತ್ತರ, ಸುಮಾರು 2,200 ಮೀಟರ್. ಡಿಸೆಂಬರ್-ಜನವರಿಯಲ್ಲಿ ಊಟಿಯ ತಗ್ಗು ಹುಲ್ಲುಗಾವಲಿನಲ್ಲಿ ಬೆಳಗಿನ ಜಾವ ಇಬ್ಬನಿ ಹೆಪ್ಪುಗಟ್ಟಿ ಉಪ್ಪು ಎರಚಿದ ಹಾಗೆ ಕೂತಿರುತ್ತದೆ. ಒಮ್ಮೆ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದಾಗ ನೋಡಿದ್ದೇನೆ. ಕುಫ್ರಿಯ ಚಾಪೆಗಿಂತ ಅದೇ ಬೆಳ್ಳಗಿತ್ತು. ಶಿವಮೊಗ್ಗದಿಂದ ಮೈಸೂರಿಗೆ ರೈಲು, ಅಲ್ಲಿಂದ ಬಂಡೀಪುರದ ಮೇಲೆ ಬಸ್ಸು. ನಿಮ್ಮದೇ ಕಾರಾದರೆ ನೀಲಗಿರಿಗೆ ಇ-ಪಾಸ್ ಮಾಡಿಸಿಕೊಳ್ಳಿ, ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂಡೀಪುರದ ದಾರಿ ಬಂದ್ ಅನ್ನುವುದೂ ನೆನಪಿರಲಿ. ಮೂರು ದಿನ ಊಟಿ. ಇಳಿಯುವಾಗ ಮೆಟ್ಟುಪಾಳ್ಯಕ್ಕೆ ಹಲ್ಲುಗಾಲಿಯ ಪುಟ್ಟ ರೈಲು, 46 ಕಿ.ಮೀ. ಹಿಂಗಾರು ಮಳೆಗೆ ಮಣ್ಣು ಕುಸಿದರೆ ಅದು ನಿಲ್ಲುವುದುಂಟು, ಆಗ ಬಸ್ಸು. ಕೊಯಮತ್ತೂರಿನಿಂದ ರಾತ್ರಿ ರೈಲಿಗೆ ನಾಗರಕೋಯಿಲ್, ಅಲ್ಲಿಂದ ಕನ್ಯಾಕುಮಾರಿ ಬಗಲಲ್ಲೇ. ಬರುವಾಗ ಬೆಂಗಳೂರಿಗೆ ಐಲ್ಯಾಂಡ್ ಎಕ್ಸ್‌ಪ್ರೆಸ್. ಟಿಕೆಟ್ ಮಾತ್ರ ಇವತ್ತೇ ನೋಡಿ. ಮುಂಗಡ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ, ಅಂದರೆ ಕ್ರಿಸ್‌ಮಸ್ ವಾರದ್ದು ಅಕ್ಟೋಬರಿನಲ್ಲೇ ತೆರೆದಾಗಿದೆ.

ಅತ್ತೆಯವರನ್ನು ಹೊರಡುವ ಮೊದಲು ಒಮ್ಮೆ ಡಾಕ್ಟರಿಗೆ ತೋರಿಸಿ. ಚಳಿಯಲ್ಲಿ ಬಿಪಿ ಏರುತ್ತದೆ. ಬಾಯಾರಿಕೆ ಗೊತ್ತಾಗುವುದಿಲ್ಲ, ನೀರು ಕುಡಿಯುವುದೇ ಮರೆತುಹೋಗುತ್ತದೆ. ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯ ಇಟ್ಟುಕೊಂಡು ಗಂಟೆಗೊಮ್ಮೆ ಲೋಟ ಕೈಗೆ ಕೊಡಿ.

ಸ್ವೆಟರ್ ಎಂಥದು ಕೊಳ್ಳಬೇಕು? ದಪ್ಪದ್ದು ಒಂದಾ, ತೆಳು ಎರಡಾ?
– ಓದುಗ, ಭದ್ರಾವತಿ

ತೆಳುವಾದದ್ದು ಎರಡು, ಮೇಲೊಂದು ಗಾಳಿ ತಡೆಯುವ ಜಾಕೆಟ್. ಬಟ್ಟೆಯ ನಡುವೆ ಸಿಕ್ಕಿಕೊಂಡ ಗಾಳಿಯೇ ಬೆಚ್ಚಗಿಡುವುದು. ಸೆಕೆಯಾದರೆ ಒಂದು ಕಳಚಬಹುದು. ಒಳಗೆ ಹತ್ತಿ ಬನಿಯನ್ ಬೆವರಿನಲ್ಲಿ ನೆಂದರೆ ಮೈಗೆ ತಣ್ಣಗೆ ಅಂಟುತ್ತದೆ, ಬದಲಿಸಿಕೊಳ್ಳಿ. ಕಾಲುಚೀಲಕ್ಕೆ ಕಂಜೂಸಿ ಮಾಡಬೇಡಿ.

ನಮ್ಮದು ಅಡಿಕೆ ಮನೆ. ಊರಿಗೆಲ್ಲ ರಜೆ ಬರುವಾಗ ನಮಗೆ ಕೊಯ್ಲು. ಹನ್ನೆರಡು ವರ್ಷದಿಂದ ಚಳಿಗಾಲದಲ್ಲಿ ಎಲ್ಲಿಗೂ ಹೋಗಿಲ್ಲ. ಎರಡೇ ದಿನ ಸಿಕ್ಕರೆ ಎಲ್ಲಿಗೆ ಹೋಗಲಿ, ಅಕ್ಕಾ?
– ಓದುಗಿ, ಹೊಸನಗರ ತಾಲ್ಲೂಕು

ನಿಮ್ಮ ಕಾಗದ ಓದಿ ನನ್ನ ಅತ್ತೆ ನೆನಪಾದರು. ಅವರು ಮೆಟ್ಟುಗತ್ತಿಯ ಮೇಲೆ ಕೂತು ಸುಲಿಯುತ್ತಲೇ ಕಾಶಿಯ ಕಥೆ ಹೇಳುತ್ತಿದ್ದರು, ಕಾಶಿಗೆ ಹೋಗಲೇ ಇಲ್ಲ. ಸುಲಿದದ್ದು ಬೇಯಬೇಕು, ಬೆಂದದ್ದು ಒಣಗಬೇಕು, ಅಟ್ಟದ ಮೇಲೆ ಹರವಿದ್ದಕ್ಕೆ ಮೋಡ ಕಂಡರೆ ಎದೆ ಧಸಕ್ಕನ್ನಬೇಕು. ನಿಮ್ಮ ಕಷ್ಟ ಗೊತ್ತು.

ಆದರೆ ಒಂದು ಕೊಯ್ಲಿಗೂ ಇನ್ನೊಂದು ಕೊಯ್ಲಿಗೂ ನಡುವೆ ಬಿಡುವು ಇರುತ್ತದಲ್ಲ. ಒಂದು ಶನಿವಾರ ಬೆಳಿಗ್ಗೆ ಆರಕ್ಕೆ ಹೊರಡಿ. ನಗರ ಅನ್ನುವ ಊರಿನಲ್ಲಿ ಬಿದನೂರು ಕೋಟೆಯ ಮೇಲೆ ಮಂಜು ಕೂತಿರುತ್ತದೆ, ಸ್ವೆಟರ್, ಸ್ಕಾರ್ಫ್ ಎರಡೂ ಬೇಕು. ಹುಲಿಕಲ್ ಘಾಟಿ ಇಳಿಯಿರಿ. ಅರ್ಧ ಇಳಿಯುವಷ್ಟರಲ್ಲಿ ಕಿವಿ ಗವ್ವೆನ್ನುತ್ತದೆ, ಸ್ಕಾರ್ಫ್ ಬಿಚ್ಚುತ್ತೀರಿ. ಸಿದ್ದಾಪುರದಲ್ಲಿ ಚಹಾ ಕುಡಿಯುವಾಗ ಸ್ವೆಟರ್ ತೆಗೆಯುತ್ತೀರಿ. ಕುಂದಾಪುರದಲ್ಲಿ ಫ್ಯಾನಿನ ಕೆಳಗಿನ ಟೇಬಲ್ ಹುಡುಕುತ್ತೀರಿ. ಚಳಿ ಊರೂ ಸೆಕೆ ಊರೂ ಒಂದೇ ಬೆಳಗಿನಲ್ಲಿ ಮುಗಿಯಿತು. ಶಿವಮೊಗ್ಗದವರಿಗೆ ಹದಿನಾರು ದಿನ ಬೇಕು ಅಂತ ಮೇಲೆ ಬರೆದೆ, ನಿಮಗೆ ಅರ್ಧ ದಿನ ಸಾಕು.

ಸಂಜೆಗೆ ಮರವಂತೆ. ಹೆದ್ದಾರಿಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಡಿಸೆಂಬರಿನಲ್ಲಿ ಆಕಾಶ ತಿಳಿಯಾಗಿರುತ್ತದೆ, ಸೂರ್ಯ ನೀರಿಗೆ ಮುಟ್ಟುವವರೆಗೂ ಕಾಣುತ್ತಾನೆ. ರಾತ್ರಿ ಕೊಲ್ಲೂರಿನಲ್ಲಿ ಉಳಿದು ಬೆಳಿಗ್ಗೆ ದೇವಿಯ ದರ್ಶನ ಮಾಡಿ ನಿಟ್ಟೂರಿನ ಮೇಲೆ ಘಾಟಿ ಹತ್ತಿ. ಮಧ್ಯಾಹ್ನದ ಊಟಕ್ಕೆ ಮನೆ. ಅಷ್ಟು ಹೊತ್ತು ಅಡಿಕೆ ಕಾಯಲು ಯಜಮಾನರನ್ನೇ ಬಿಟ್ಟು ಹೋಗಿ, ತಂಗಿಯರನ್ನು ಕರೆದುಕೊಳ್ಳಿ.

ಜನವರಿಯಲ್ಲಿ ತೀರ್ಥಹಳ್ಳಿ ಕಡೆ ಹೋಂಸ್ಟೇಗೆ ಬರುತ್ತಿದ್ದೇವೆ. ಮಕ್ಕಳಿಗೆ ಕಾಡಿನಲ್ಲಿ ನಡೆಸಬೇಕೆಂಬ ಆಸೆ. ಮಂಗನ ಕಾಯಿಲೆ ಅಂತ ಹೆದರಿಸುತ್ತಾರೆ. ನಿಜಕ್ಕೂ ಹೆದರಬೇಕಾ, ಮೇಡಂ?
– ಓದುಗ, ಬೆಂಗಳೂರು

ಹೆದರಬೇಡಿ, ಆದರೆ ಹಗುರವಾಗಿಯೂ ತಗೋಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಕಾಯಿಲೆ ಇದು, ಇಂಗ್ಲಿಷಿನಲ್ಲಿ ಹೆಸರೂ ಆ ಊರಿನದೇ: ಕ್ಯಾಸನೂರು ಫಾರೆಸ್ಟ್ ಡಿಸೀಸ್. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ. ಹರಡುವುದು ಉಣ್ಣೆ, ನಮ್ಮ ಕಡೆ ಉಣುಗು ಅನ್ನುತ್ತೇವೆ. ಚಳಿಗಾಲದಲ್ಲಿ ಎರಡು ಉಣ್ಣೆ ನೆನಪಿರಲಿ ಅಂತ ನಾನು ಕ್ಲಾಸಿನಲ್ಲಿ ಹೇಳುತ್ತಿದ್ದೆ: ಒಂದು ಮೈಮೇಲೆ ಇರಬೇಕು, ಇನ್ನೊಂದು ಇರಬಾರದು.

ಮೊದಲು ಹೋಂಸ್ಟೇಯವರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ, ಸುತ್ತಮುತ್ತ ಮಂಗ ಸತ್ತ ಸುದ್ದಿ ಇದೆಯಾ ಅಂತ. ಇದ್ದರೆ ಆ ಕಾಡಿನ ಆಸೆ ಬಿಡಿ. ಸತ್ತ ಮಂಗನ ಮೈಯಿಂದ ಉಣುಗು ಉದುರಿ ಅಲ್ಲೇ ತರಗೆಲೆಯಲ್ಲಿ ಕಾಯುತ್ತಿರುತ್ತದೆ. ಸುದ್ದಿ ಇಲ್ಲದ ಕಡೆಯೂ ತುಂಬು ತೋಳು, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದ ಒಳಗೆ. ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ. ಬಂದ ಕೂಡಲೇ ಬಿಸಿನೀರ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಊರಿಗೆ ಹೋದ ಮೇಲೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಮಲೆನಾಡಿನ ಕಾಡಿಗೆ ಹೋಗಿದ್ದೆವು ಅಂತ ನೀವೇ ಹೇಳಬೇಕು. ಬೆಂಗಳೂರಿನಲ್ಲಿ ಅವರಿಗೆ ಅದು ಹೊಳೆಯದೆ ಹೋಗಬಹುದು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ.

ಕಾಡೇ ಆಗಬೇಕೆಂದಿಲ್ಲದಿದ್ದರೆ ಮಕ್ಕಳನ್ನು ಸಕ್ರೆಬೈಲಿಗೆ ಕರೆದುಕೊಂಡು ಹೋಗಿ, ಬೆಳಿಗ್ಗೆ ಆನೆಗಳ ಸ್ನಾನ ನೋಡಲಿ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಇದೆ, ಕೆಳದಿ ಇದೆ. ಜೋಗ ಮಾತ್ರ ಜನವರಿಯಲ್ಲಿ ನೂಲಿನ ಎಳೆ. 253 ಮೀಟರ್ ಬಂಡೆಯನ್ನು ನೋಡಿ ಬರಬೇಕು ಅಷ್ಟೆ.

ಅಜ್ಜಿ, ಬೆಟ್ಟದ ಮೇಲೆ ಹೋದರೆ ಸೂರ್ಯನಿಗೆ ಹತ್ತಿರ ಆಗುತ್ತೇವೆ. ಹಾಗಿದ್ದರೆ ಚಳಿ ಯಾಕೆ ಜಾಸ್ತಿ? ಕನ್ಯಾಕುಮಾರಿಯಲ್ಲಿ ಚಳಿಗಾಲವೇ ಇಲ್ವಾ?
– ಆರನೇ ಕ್ಲಾಸಿನ ಹುಡುಗ, ಸೊರಬ

ಈ ಕಾಗದಕ್ಕೆ ನನ್ನ ಕಡೆಯಿಂದ ಹತ್ತಕ್ಕೆ ಹತ್ತು. ನೋಡು ಮಾಣಿ, ಸೂರ್ಯ ಇರುವುದು ಸುಮಾರು 15 ಕೋಟಿ ಕಿ.ಮೀ. ದೂರದಲ್ಲಿ. ನೀನು ಎರಡು ಕಿ.ಮೀ. ಮೇಲೆ ಹತ್ತಿದರೆ ಅವನಿಗೆ ಗೊತ್ತೂ ಆಗುವುದಿಲ್ಲ. ಬಿಸಿಲು ಮೊದಲು ನೆಲವನ್ನು ಕಾಯಿಸುತ್ತದೆ, ನೆಲ ಗಾಳಿಯನ್ನು ಕಾಯಿಸುತ್ತದೆ. ಒಲೆಯಿಂದ ದೂರ ಹೋದಷ್ಟೂ ಬಿಸಿ ಕಡಿಮೆ ಅಲ್ವಾ? ಅದರ ಜೊತೆಗೆ ಮೇಲೆ ಹೋದ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತಣಿಯುತ್ತದೆ. ಒಂದು ಕಿ.ಮೀ. ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಕೊಡಚಾದ್ರಿ 1,343 ಮೀಟರ್. ಸಮುದ್ರದ ದಂಡೆಗಿಂತ ಅಲ್ಲಿ ಎಷ್ಟು ಡಿಗ್ರಿ ತಂಪಿರಬಹುದು, ಲೆಕ್ಕ ಹಾಕು.

ಎರಡನೇ ಪ್ರಶ್ನೆಗೆ ನನ್ನ ಮೊಮ್ಮಗನ ನೆರಳೇ ಉತ್ತರ. ಅವನು ಸರಿಯಾಗಿ ನಾಲ್ಕು ಅಡಿ. ಹೊರಡುವ ಮುಂಚೆ ಸಾಗರದ ಅಂಗಳದಲ್ಲಿ, ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ, ಅವನನ್ನು ನಿಲ್ಲಿಸಿ ನೆರಳನ್ನು ಟೈಲರ್ ಟೇಪಿನಲ್ಲಿ ಅಳೆದೆ. ಮೂರು ಅಡಿ ಬಂತು. ಅದೇ ಹೊತ್ತಿಗೆ ಶಿಮ್ಲಾದಲ್ಲಿ ಅಳೆದರೆ ಐದೂವರೆ ಅಡಿ! ಹುಡುಗನಿಗಿಂತ ನೆರಳೇ ಉದ್ದ. ಜನ ನಿಂತು ನೋಡಿದರು, ಸೊಸೆಗೆ ನಾಚಿಕೆಯಾಯಿತು, ನಾನು ಬಿಡಲಿಲ್ಲ. ಕನ್ಯಾಕುಮಾರಿಯ ಮರಳಿನ ಮೇಲೆ ಎರಡೂವರೆ ಅಡಿಗಿಂತ ಕಡಿಮೆ. ನೆರಳು ಉದ್ದ ಅಂದರೆ ಸೂರ್ಯ ತಗ್ಗಿನಲ್ಲಿದ್ದಾನೆ, ಬಿಸಿಲು ಓರೆಯಾಗಿ ಬಿದ್ದು ಅಗಲಕ್ಕೆ ಹರಡಿಹೋಗುತ್ತದೆ ಅಂತ. ಕನ್ಯಾಕುಮಾರಿ 8 ಡಿಗ್ರಿ ಅಕ್ಷಾಂಶದಲ್ಲಿದೆ, ನಾವು 14ರಲ್ಲಿ, ಶಿಮ್ಲಾ 31ರಲ್ಲಿ. ಮೂರು ಕಡೆ ಸಮುದ್ರ ಇರುವುದರಿಂದ ಕನ್ಯಾಕುಮಾರಿಗೆ ರಾತ್ರಿಯೂ ತಣ್ಣಗಾಗಲು ಸಮುದ್ರ ಬಿಡುವುದಿಲ್ಲ.

ಡಿಸೆಂಬರ್ 21ರ ಮಧ್ಯಾಹ್ನ ಹನ್ನೆರಡೂವರೆಗೆ ಸೊರಬದ ನಿಮ್ಮ ಅಂಗಳದಲ್ಲಿ ನೀನೂ ನಿಂತುಕೊ, ಅಮ್ಮನಿಗೆ ಟೇಪು ಹಿಡಿಯಲು ಹೇಳು. ನಿನ್ನ ಎತ್ತರ, ನೆರಳಿನ ಉದ್ದ ಎರಡನ್ನೂ ಒಂದು ಕಾರ್ಡಿನಲ್ಲಿ ಬರೆದು ಕಳಿಸು. ಮೊಮ್ಮಗನ ಪಟ್ಟಿಯಲ್ಲಿ ನಾಲ್ಕನೇ ಸಾಲು ಖಾಲಿ ಬಿಟ್ಟಿದ್ದೇನೆ.